ತಂತ್ರಾಂಶಕ್ಕೆ ಹೊಸ ಕಾಲಂ ಯಾವಾಗ ಸೇರಿಸಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ಶಿರಸಿ, ಸಿದ್ದಾಪುರಗಳ ಅಡಿಕೆ ವಖಾರಿಗಳಿಂದ ಹಿಡಿದು ಕುಮಟಾದ ಸಗಟು ಅಂಗಡಿ, ಕಾರವಾರದ ಮೀನು ವ್ಯಾಪಾರದವರೆಗೆ ಲೆಕ್ಕದ ತಂತ್ರಾಂಶ ಅಳವಡಿಸಿಕೊಡುವುದು ನನ್ನ ಕೆಲಸ. ಎಲ್ಲಿಗೆ ಹೋದರೂ ಎರಡನೆಯ ದಿನ ಕೇಳಿಬರುವ ಮಾತು ಒಂದೇ: "ಇದಕ್ಕೊಂದು ಕಾಲಂ ಹಾಕಿಕೊಡಿ." ಹಾಕಿಕೊಡಲು ಹತ್ತು ನಿಮಿಷ ಸಾಕು, ಹಾಕಬೇಕೇ ಎಂದು ತೀರ್ಮಾನಿಸಲು ಕೆಲವೊಮ್ಮೆ ಒಂದು ಹಂಗಾಮೇ ಬೇಕಾಗುತ್ತದೆ. ಆ ತೀರ್ಮಾನದ ಬಗ್ಗೆ ವ್ಯಾಪಾರಸ್ಥರೂ ಗುಮಾಸ್ತರೂ ಸಹಕಾರಿ ಸಂಘಗಳ ಕಾರ್ಯದರ್ಶಿಗಳೂ ಕೇಳುತ್ತ ಬಂದಿರುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ಕಸ್ಟಮ್ ಫೀಲ್ಡ್ ಅಥವಾ ಹೊಸ ಕಾಲಂ ಎಂದರೇನು?

ತಂತ್ರಾಂಶ ತಯಾರಿಸಿದವರು ಹೆಸರು, ವಿಳಾಸ, ದರ, ತೂಕ, ತೆರಿಗೆ ಮುಂತಾದ ಎಲ್ಲರಿಗೂ ಬೇಕಾಗುವ ಕಾಲಂಗಳನ್ನು ಇಟ್ಟೇ ಕೊಟ್ಟಿರುತ್ತಾರೆ. ಅವುಗಳ ಜೊತೆಗೆ ನಮ್ಮ ವ್ಯವಹಾರಕ್ಕೆ ಮಾತ್ರ ಬೇಕಾದ ಮಾಹಿತಿಗಾಗಿ ನಾವೇ ಸೇರಿಸಿಕೊಳ್ಳುವ ಕಾಲಂ ಇದು. ಟ್ಯಾಲಿ, ಇಆರ್‌ಪಿನೆಕ್ಸ್ಟ್, ಜೋಹೋ, ಒಡೂ, ಸೇಲ್ಸ್‌ಫೋರ್ಸ್ ಎಂಬ ವ್ಯವಹಾರದ ತಂತ್ರಾಂಶಗಳೆಲ್ಲದರಲ್ಲಿಯೂ ಒಂದಲ್ಲ ಒಂದು ರೀತಿಯಲ್ಲಿ ಇದಕ್ಕೆ ಅವಕಾಶವಿದೆ.

ಹೊಸ ಕಾಲಂ ನಿಜವಾಗಿಯೂ ಬೇಕೆಂದು ತೀರ್ಮಾನಿಸುವುದು ಹೇಗೆ?

ಕಾಲಂ ಕೇಳುವವರು ಸಾಮಾನ್ಯವಾಗಿ ಒಳಕೋಣೆಯಲ್ಲಿ ಕುಳಿತವರು. ಅದನ್ನು ತುಂಬುವವರು ತೂಕದ ಕಟ್ಟೆಯ ಪಕ್ಕದಲ್ಲಿ ಕುಳಿತವರು. ಈ ಎರಡು ಕುರ್ಚಿಗಳ ನಡುವಿನ ಅಂತರವನ್ನು ಮರೆತಾಗಲೇ ಬೇಡದ ಕಾಲಂಗಳು ಹುಟ್ಟುತ್ತವೆ.

ಜನವರಿಯ ಒಂದು ಬೆಳಿಗ್ಗೆಯನ್ನು ನೆನಪಿಸಿಕೊಳ್ಳಿ. ಅಂಗಳದಲ್ಲಿ ಚೀಲಗಳು ಸಾಲುಗಟ್ಟಿವೆ, ತೂಕದವನು ಒಳಗಿನಿಂದ ಅಂಕಿ ಕೂಗಿ ಹೇಳುತ್ತಿದ್ದಾನೆ, ಎದುರಿಗೆ ನಿಂತ ರೈತರು ಕವಳದ ಸಂಚಿ ಬಿಚ್ಚಿ ಅಡಿಕೆ ಹೋಳು ಆರಿಸುತ್ತ ಮಧ್ಯಾಹ್ನದ ಬಸ್ಸಿನ ಹೊತ್ತನ್ನು ವಿಚಾರಿಸುತ್ತಿದ್ದಾರೆ. ಗುಮಾಸ್ತರ ಎಡಗೈಯಲ್ಲಿ ತೂಕದ ಚೀಟಿ, ಬಲಗೈಯ ಎರಡು ಬೆರಳು ಕೀಲಿಮಣೆಯ ಮೇಲೆ. ಅಲ್ಲಿ ಒಂದು ಕಾಲಂ ಹೆಚ್ಚಾದರೆ ಚೀಲ ಚೀಲಕ್ಕೂ ಒಂದು ಪ್ರಶ್ನೆ ಹೆಚ್ಚಾಯಿತೆಂದು ಅರ್ಥ. ದಿನಕ್ಕೆ 150 ಪಾವತಿ ಮಾಡುವ ಕಡೆ ಒಂದು ಕಾಲಂಗೆ ಹತ್ತು ಸೆಕೆಂಡ್ ಎಂದು ಹಿಡಿದರೂ 25 ನಿಮಿಷ ಹೋಗುತ್ತದೆ.

ಆದ್ದರಿಂದ ನಾನು ಮೊದಲು ಕೇಳುವುದು ನಾಲ್ಕು ಮಾತು. ಈ ಮಾಹಿತಿ ಯಾರ ಬಾಯಿಂದ ಅಥವಾ ಯಾವ ಕಾಗದದಿಂದ ಬರುತ್ತದೆ? ತುಂಬುವ ಗಳಿಗೆಯಲ್ಲಿ ಅದು ತುಂಬುವವರ ಕೈಯಲ್ಲಿ ಇರುತ್ತದೆಯೇ? ಮುಂದೆ ಅದನ್ನು ಯಾರು ತೆರೆದು ನೋಡುತ್ತಾರೆ? ನೋಡಿದ ಮೇಲೆ ಅವರು ಏನನ್ನು ಬೇರೆಯಾಗಿ ಮಾಡುತ್ತಾರೆ? ಕೊನೆಯ ಪ್ರಶ್ನೆಗೆ "ಮುಂದೆಂದಾದರೂ ಬೇಕಾಗಬಹುದು" ಎಂಬ ಉತ್ತರ ಬಂದರೆ ನಾನು ಕಾಲಂ ಹಾಕುವುದಿಲ್ಲ. "ಇದನ್ನು ನೋಡಿ ಮುಂದಿನ ವಾರದ ದರ ನಿಗದಿ ಮಾಡುತ್ತೇವೆ" ಎಂದರೆ ತಕ್ಷಣ ಹಾಕಿಕೊಡುತ್ತೇನೆ.

ಇವೆರಡರ ನಡುವೆ ಉಳಿದ ಕೋರಿಕೆಗಳಿಗೆ ಹಳೆಯ ಲೆಕ್ಕದ ಪುಸ್ತಕವೇ ದಾರಿ ತೋರಿಸುತ್ತದೆ. ಕೀರ್ದಿ ಪುಸ್ತಕದ ಬಲತುದಿಯಲ್ಲಿ "ಷರಾ" ಎಂಬ ಕಾಲಂ ಇರುತ್ತಿತ್ತು. ಉಳಿದ ಯಾವ ಕಾಲಂಗೂ ಸೇರದ ಮಾತನ್ನೆಲ್ಲ ಅಲ್ಲಿ ಬರೆಯುತ್ತಿದ್ದರು. ತಂತ್ರಾಂಶದಲ್ಲಿಯೂ ವಿವರಣೆಗೆಂದು ಅಂಥದೊಂದು ಜಾಗ ಇದ್ದೇ ಇದೆ. ಹೊಸ ಮಾಹಿತಿ ಒಂದು ಹಂಗಾಮು ಆ ಷರಾದಲ್ಲಿಯೇ ಬದುಕಲಿ. ಹಂಗಾಮು ಮುಗಿದ ಮೇಲೆ ಷರಾಗಳನ್ನು ಒಮ್ಮೆ ಓದಿ ನೋಡಿ. ಅದೇ ಬಗೆಯ ಮಾತನ್ನು ಗುಮಾಸ್ತರು ಯಾರೂ ಹೇಳದೆಯೂ ಮತ್ತೆ ಮತ್ತೆ ಬರೆದಿದ್ದರೆ, ಮತ್ತು ಅದನ್ನು ಹುಡುಕಿಕೊಂಡು ಯಾರಾದರೂ ಷರಾಗಳ ರಾಶಿಯಲ್ಲಿ ಕೈಯಾಡಿಸಿದ್ದರೆ, ಅದಕ್ಕೆ ಸ್ವಂತ ಕಾಲಂ ಸಲ್ಲುತ್ತದೆ. ಐದಾರು ಸಲ ಮಾತ್ರ ಬರೆದಿದ್ದರೆ ಅದಕ್ಕೆ ಷರಾವೇ ಸರಿಯಾದ ಮನೆ. ಕಾನೂನು ಕೇಳುವ ಮಾಹಿತಿಗೆ ಮಾತ್ರ ಈ ಕಾಯುವಿಕೆ ಅನ್ವಯಿಸುವುದಿಲ್ಲ. ಅದನ್ನು ಮೊದಲ ದಿನದಿಂದಲೇ ಸರಿಯಾದ ಜಾಗದಲ್ಲಿ ಇಡಬೇಕು.

ನಾವು ಕೇಳುತ್ತಿರುವುದು ತಂತ್ರಾಂಶದಲ್ಲಿ ಆಗಲೇ ಇದ್ದರೆ?

ನನಗೆ ಬರುವ ಕೋರಿಕೆಗಳಲ್ಲಿ ಬಹುಪಾಲು ಈ ಬಗೆಯವು. ಕಾಲಂ ಇರುತ್ತದೆ, ಆದರೆ ಬೇರೆ ಹೆಸರಿನಲ್ಲಿ ಅಥವಾ ಸೆಟ್ಟಿಂಗ್‌ನಲ್ಲಿ ಮುಚ್ಚಿಕೊಂಡು ಇರುತ್ತದೆ. ಉದ್ರಿಯ ಮಿತಿ, ಪಾವತಿಯ ಅವಧಿ, ಲಾಟ್ (ಒಮ್ಮೆಗೆ ಬಂದ ಮಾಲಿನ ಕಂತು) ಸಂಖ್ಯೆ, ಗೋದಾಮು, ಖರ್ಚಿನ ವಿಭಾಗ, ವಸ್ತುವಿನ ಇನ್ನೊಂದು ಹೆಸರು, ಕಿಲೋ ಜೊತೆಗೆ ಚೀಲದ ಲೆಕ್ಕ ಇಡುವ ಪರ್ಯಾಯ ಮಾಪನ ಇವೆಲ್ಲ ಬಹುತೇಕ ತಂತ್ರಾಂಶಗಳಲ್ಲಿ ಸಿದ್ಧವಾಗಿವೆ. 50,000 ರೂಪಾಯಿಗಿಂತ ಹೆಚ್ಚಿನ ಮಾಲು ಸಾಗಿಸುವಾಗ ಬೇಕಾಗುವ ಇ-ವೇ ಬಿಲ್ಲಿನ ವಿವರದಲ್ಲಿ ವಾಹನದ ಸಂಖ್ಯೆಗೆ ಜಾಗ ಇದೆ. ಅದು ಗೊತ್ತಿಲ್ಲದೆ "ಲಾರಿ ನಂಬರ್" ಎಂಬ ಹೊಸ ಕಾಲಂ ಹಾಕಿಕೊಂಡವರು ಒಂದೇ ಅಂಕಿಯನ್ನು ಎರಡು ಕಡೆ ಟೈಪ್ ಮಾಡುತ್ತಾರೆ, ಒಂದು ದಿನ ಎರಡೂ ಬೇರೆಯಾಗುತ್ತವೆ, ಯಾವುದು ನಿಜವೆಂದು ಹೇಳುವವರು ಇರುವುದಿಲ್ಲ.

ಇನ್ನು ಕೆಲವು ಮಾಹಿತಿ ಬೇರೆ ಮಾಹಿತಿಯ ಹೊಟ್ಟೆಯಲ್ಲಿಯೇ ಇರುತ್ತದೆ. ಕಾರವಾರದ ವ್ಯಾಪಾರಿಯೊಬ್ಬರು ಗೋವಾದ ಗಿರಾಕಿಗಳನ್ನು ಬೇರ್ಪಡಿಸಲು "ರಾಜ್ಯ" ಎಂಬ ಕಾಲಂ ಕೇಳಿದರು. ಜಿಎಸ್‌ಟಿ ಸಂಖ್ಯೆಯಲ್ಲಿ 15 ಅಕ್ಷರಾಂಕಗಳಿದ್ದು, ಮೊದಲ ಎರಡು ಅಂಕಿ ರಾಜ್ಯವನ್ನು ಹೇಳುತ್ತವೆ: ಕರ್ನಾಟಕಕ್ಕೆ 29, ಗೋವಾಕ್ಕೆ 30. ಅದರ ನಂತರದ ಹತ್ತು ಅಕ್ಷರಾಂಕಗಳೇ ಪ್ಯಾನ್. ನೋಂದಾಯಿತ ಗಿರಾಕಿಗೆ ರಾಜ್ಯದ ಕಾಲಂ, ಪ್ಯಾನ್ ಕಾಲಂ ಎರಡನ್ನೂ ಹೊಸದಾಗಿ ಸೇರಿಸುವುದು ವ್ಯರ್ಥ ಶ್ರಮ. ಬಾಕಿ ಎಷ್ಟು ದಿನದ್ದು, ಈ ವರ್ಷ ಒಟ್ಟು ಎಷ್ಟು ಕ್ವಿಂಟಲ್ ಬಂತು ಎಂಬಂಥ ಲೆಕ್ಕ ಹಾಕಿ ತೆಗೆಯಬಹುದಾದ ಅಂಕಿಗಳಿಗೂ ಕಾಲಂ ಬೇಡ. ಬರೆದಿಟ್ಟ ಮರುದಿನವೇ ಅವು ಹಳತಾಗುತ್ತವೆ.

ಒಂದೇ ಹೆಸರಿನ ರೈತರು ಹಲವರಿದ್ದಾರೆ. ಅವರನ್ನು ಗುರುತಿಸಲು ಕಾಲಂ ಸೇರಿಸಬಹುದೇ?

ಸೇರಿಸಲೇಬೇಕು. ಈ ಜಿಲ್ಲೆಯಲ್ಲಿ ಹೊಸ ಕಾಲಂಗೆ ಇದಕ್ಕಿಂತ ಒಳ್ಳೆಯ ಕಾರಣ ನಾನು ಕಂಡಿಲ್ಲ. ಶಿರಸಿ ಸೀಮೆಯ ಯಾವುದೇ ಖಾತೆ ಯಾದಿ ತೆರೆದರೂ ಗಣಪತಿ ಹೆಗಡೆ ಎಂಬ ಹೆಸರು ನಾಲ್ಕೈದು ಕಡೆ ಸಿಗುತ್ತದೆ, ನಾರಾಯಣ ಭಟ್ಟರೂ ಅಷ್ಟೇ. ಒಂದು ಅಂಗಡಿಯಲ್ಲಿ ಒಬ್ಬರ ಅಡಿಕೆಯ ಹಣ ಅದೇ ಹೆಸರಿನ ಇನ್ನೊಬ್ಬರ ಖಾತೆಗೆ ಜಮಾ ಆಗಿ, ತಿಂಗಳ ನಂತರ ಇಬ್ಬರೂ ಎದುರುಬದುರು ಕುಳಿತು ಲೆಕ್ಕ ಬಿಡಿಸಿಕೊಂಡಿದ್ದನ್ನು ನೋಡಿದ್ದೇನೆ. ತಪ್ಪು ಗುಮಾಸ್ತರದ್ದು ಎಂದು ಅಂದು ಎಲ್ಲರೂ ಹೇಳಿದರು. ಪರದೆಯ ಮೇಲೆ ಎರಡು ಹೆಸರುಗಳೂ ಅಕ್ಷರ ಅಕ್ಷರ ಒಂದೇ ಆಗಿದ್ದವು. ಯಾರು ಕುಳಿತಿದ್ದರೂ ಅದೇ ತಪ್ಪು ಮಾಡುತ್ತಿದ್ದರು.

ನಮ್ಮ ಜನ ಒಬ್ಬರನ್ನೊಬ್ಬರು ಗುರುತಿಸುವ ಕ್ರಮವನ್ನೇ ಇಲ್ಲಿ ಅನುಸರಿಸಬೇಕು. ಮಾತಿನಲ್ಲಿ ನಾವು ಊರು ಹೇಳುತ್ತೇವೆ, ಅದೂ ಸಾಲದಿದ್ದರೆ ಮೇಲಿನಮನೆ, ಕೆಳಗಿನಮನೆ ಎಂದು ಮನೆ ಹೇಳುತ್ತೇವೆ, ಕೊನೆಗೆ ತಂದೆಯ ಹೆಸರು ಹೇಳುತ್ತೇವೆ. ವಿಳಾಸದ ದೊಡ್ಡ ಕಾಲಂನಲ್ಲಿ ಊರು ಇದ್ದರೂ ಅದು ಹುಡುಕುವಾಗ ಹೆಸರಿನ ಪಕ್ಕದಲ್ಲಿ ಕಾಣಿಸುವುದಿಲ್ಲ. ಆದ್ದರಿಂದ "ಊರು ಮತ್ತು ಮನೆ" ಎಂದು ಒಂದು, "ತಂದೆಯ ಹೆಸರು" ಎಂದು ಇನ್ನೊಂದು ಕಾಲಂ ಮಾಡಿ, ಹೆಸರು ಆರಿಸುವ ಪಟ್ಟಿಯಲ್ಲಿಯೇ ಅವೆರಡೂ ಕಾಣುವಂತೆ ಮಾಡುತ್ತೇನೆ. ಆಯ್ಕೆಯ ಗಳಿಗೆಯಲ್ಲಿ ಕಣ್ಣಿಗೆ ಬೀಳದಿದ್ದರೆ ಆ ಕಾಲಂ ಇದ್ದೂ ಪ್ರಯೋಜನವಿಲ್ಲ. ಸಹಕಾರಿ ಸಂಘಗಳಲ್ಲಿ ಸದಸ್ಯತ್ವ ಸಂಖ್ಯೆ ಇರುವುದರಿಂದ ಅದೇ ಮೊದಲ ಗುರುತಾಗಲಿ. ಊರು, ತಂದೆಯ ಹೆಸರು ತಾಳೆ ನೋಡಲು ಇರಲಿ.

ಕಾಲಂ ಯಾವ ದಾಖಲೆಗೆ ಸೇರಬೇಕು: ರೈತರ ಖಾತೆಗೋ, ವಸ್ತುವಿಗೋ, ಬಿಲ್ಲಿಗೋ?

ಕಾಲಂ ಬೇಕೆಂಬ ತೀರ್ಮಾನ ಸರಿಯಾಗಿದ್ದರೂ ಅದನ್ನು ತಪ್ಪು ಜಾಗದಲ್ಲಿ ಇಟ್ಟು ಕೆಡಿಸಿಕೊಂಡವರೇ ಹೆಚ್ಚು. ಆದ್ದರಿಂದ ಈ ಪ್ರಶ್ನೆಗೆ ಸ್ವಲ್ಪ ದೀರ್ಘವಾಗಿ ಉತ್ತರಿಸುತ್ತೇನೆ.

ಶಿರಸಿ ಅಡಿಕೆಗೆ 2019ರಲ್ಲಿ ಭೌಗೋಳಿಕ ಸೂಚಕದ (ಜಿಐ, ಅಂದರೆ ಆ ಸೀಮೆಯ ಬೆಳೆಗೆ ಮಾತ್ರ ಸಲ್ಲುವ ಹೆಸರಿನ) ಮಾನ್ಯತೆ ಸಿಕ್ಕಿತು. ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳ ಬೆಳೆ ಅದರ ವ್ಯಾಪ್ತಿಗೆ ಬರುತ್ತದೆ. ಮಾಲು ಯಾವ ತಾಲೂಕಿನದು ಎಂದು ಬರೆದಿಡಲು ಕಾಲಂ ಬೇಕೆಂದು ವ್ಯಾಪಾರಿಯೊಬ್ಬರು ಕೇಳಿದರು; ಕೋರಿಕೆ ನ್ಯಾಯವಾದದ್ದೇ. ಅವರು ಅದನ್ನು ರೈತರ ಖಾತೆಗೆ ಸೇರಿಸಲು ಹೇಳಿದರು, ಒಬ್ಬ ರೈತರಿಗೆ ಒಮ್ಮೆ ತುಂಬಿದರೆ ಮುಗಿಯಿತಲ್ಲ ಎಂಬ ಲೆಕ್ಕದಲ್ಲಿ. ಆದರೆ ಶಿರಸಿಯಲ್ಲಿ ಮನೆ ಇರುವವರ ತೋಟ ಸಿದ್ದಾಪುರದಲ್ಲಿ ಇರಬಹುದು, ತವರಿನ ಪಾಲಿನ ತೋಟ ಜಿಲ್ಲೆಯ ಹೊರಗೂ ಇರಬಹುದು, ಅಣ್ಣನ ಮಾಲನ್ನು ತಮ್ಮ ತನ್ನ ಹೆಸರಿನಲ್ಲಿ ತರಬಹುದು. ತಾಲೂಕು ಎಂಬುದು ಇಲ್ಲಿ ವ್ಯಕ್ತಿಯ ಗುಣವಾಗಿರದೆ ಆ ದಿನ ಬಂದ ಲಾಟಿನ ಗುಣವಾಗಿದೆ. ಹಾಗಾಗಿ ಕಾಲಂ ಲಾಟಿಗೆ ಸೇರಬೇಕು. ಖಾತೆಯಲ್ಲಿ ಬೇಕಾದರೆ "ಸಾಮಾನ್ಯವಾಗಿ ಬರುವ ತಾಲೂಕು" ಎಂದು ಇಟ್ಟು, ಲಾಟ್ ಬರೆಯುವಾಗ ಅದು ತಾನಾಗಿ ತುಂಬಿಕೊಂಡು, ಬೇರೆಯಾದ ದಿನ ತಿದ್ದಲು ಅವಕಾಶ ಇರುವಂತೆ ಮಾಡಬಹುದು.

ಇದನ್ನೇ ಇತರ ಮಾಹಿತಿಗೂ ಅನ್ವಯಿಸಿ ನೋಡಿ. ರಾಶಿ, ಬೆಟ್ಟೆ, ಚಾಲಿ, ಕೆಂಪುಗೋಟು, ಬಿಳಿಗೋಟು, ಕೋಕಾ ಎಂಬ ಭೇದಗಳನ್ನು "ಅಡಿಕೆ" ಎಂಬ ಒಂದೇ ವಸ್ತುವಿಗೆ ಕಾಲಂ ಆಗಿ ಸೇರಿಸಿದವರು ಇದ್ದಾರೆ. ಪ್ರತಿಯೊಂದಕ್ಕೂ ಬೇರೆ ದರ, ಬೇರೆ ದಾಸ್ತಾನು, ಬೇರೆ ಖರೀದಿದಾರರು ಇರುವಾಗ ಅವು ಬೇರೆ ಬೇರೆ ವಸ್ತುಗಳೇ. ಕಾಲಂ ಮಾಡಿದರೆ ವರ್ಷದ ಕೊನೆಗೆ ಚಾಲಿಯ ದಾಸ್ತಾನು ಎಷ್ಟೆಂದು ತಂತ್ರಾಂಶ ಹೇಳಲಾರದು. ತೇವಾಂಶ ಮಾತ್ರ ವಸ್ತುವಿಗೆ ಸೇರಿದ್ದಲ್ಲ, ಆ ದಿನದ ತೂಕಕ್ಕೆ ಸೇರಿದ್ದು: ಇಂದು ಬಂದ ಚಾಲಿ ಒಣಗಿರುತ್ತದೆ, ನಾಳೆ ಬರುವುದು ಹಸಿಯಾಗಿರಬಹುದು. ಮಾಹಿತಿ ಯಾವುದು ಬದಲಾದಾಗ ಬದಲಾಗುತ್ತದೆಯೋ ಅದಕ್ಕೇ ಕಾಲಂ ಅಂಟಿರಬೇಕು. ಲಾಟಿನೊಂದಿಗೆ ಬದಲಾಗುವುದು ಲಾಟಿಗೆ, ಬಿಲ್ಲಿನೊಂದಿಗೆ ಬದಲಾಗುವುದು ಬಿಲ್ಲಿಗೆ, ಬಿಲ್ಲಿನ ಒಂದೊಂದು ಸಾಲಿನೊಂದಿಗೆ ಬದಲಾಗುವುದು ಸಾಲಿಗೆ.

ಕಾಲಂಗಳು ಗುಂಪಾಗಿ ಬರತೊಡಗಿದರೆ ಏನು ಮಾಡಬೇಕು?

ಕಾರವಾರದ ಮೀನು ವ್ಯಾಪಾರದಲ್ಲಿ ಖರೀದಿ ಬಿಲ್ಲಿಗೆ ಮೊದಲು "ಬೋಟಿನ ಹೆಸರು" ಎಂಬ ಕಾಲಂ ಬಂತು. ಮರುವರ್ಷ ಬೋಟಿನ ನೋಂದಣಿ ಸಂಖ್ಯೆ, ಅದಾದ ಮೇಲೆ ಬೋಟಿನ ಮಾಲೀಕರು, ನಂತರ ಮಾಲೀಕರ ಮೊಬೈಲ್ ಸಂಖ್ಯೆ. ಪ್ರತಿ ಬಿಲ್ಲಿಗೂ ನಾಲ್ಕನ್ನೂ ತುಂಬಬೇಕಾಯಿತು. ಈ ನಾಲ್ಕೂ ಬಿಲ್ಲನ್ನು ವಿವರಿಸುವುದಿಲ್ಲ, ಬೋಟನ್ನು ವಿವರಿಸುತ್ತವೆ. ಆಗ ಬೋಟುಗಳದ್ದೇ ಒಂದು ಪಟ್ಟಿ ಮಾಡಿ, ಬಿಲ್ಲಿನಲ್ಲಿ ಬೋಟನ್ನು ಆರಿಸುವ ಒಂದೇ ಕಾಲಂ ಉಳಿಸಿಕೊಂಡೆವು. "ಬೋಟು 1, ಬೋಟು 2, ಬೋಟು 3" ಎಂದು ಅಂಕಿ ಹಚ್ಚಿದ ಕಾಲಂಗಳನ್ನು ಯಾರಾದರೂ ಕೇಳತೊಡಗಿದರೆ ಅದೂ ಇದೇ ರೋಗದ ಲಕ್ಷಣ.

ಕಾಲಂ ಅನ್ನು ಕಡ್ಡಾಯ ಮಾಡಿದರೆ ಮಾಹಿತಿ ಪೂರ್ತಿಯಾಗಿ ಸಿಗುವುದಿಲ್ಲವೇ?

ಪೂರ್ತಿಯಾಗಿ ಸಿಗುತ್ತದೆ, ಸತ್ಯವಾಗಿ ಸಿಗುವುದಿಲ್ಲ. ಇದನ್ನು ನಾನು ನನ್ನ ತಪ್ಪಿನಿಂದಲೇ ಕಲಿತೆ. ಒಂದು ವಖಾರಿಯಲ್ಲಿ ಮಾಲೀಕರು ಕೇಳಿದರೆಂದು ತೇವಾಂಶದ ಕಾಲಂ ಅನ್ನು ಕಡ್ಡಾಯ ಮಾಡಿದೆ; ಅದನ್ನು ತುಂಬದೆ ಬಿಲ್ ಸೇವ್ ಆಗುತ್ತಿರಲಿಲ್ಲ. ತೇವಾಂಶ ಅಳೆಯುವ ಯಂತ್ರ ಅಲ್ಲಿ ಒಂದೇ ಇತ್ತು, ಅದೂ ಗೋದಾಮಿನ ಆ ತುದಿಯಲ್ಲಿ. ಹಂಗಾಮಿನ ಕೊನೆಗೆ ವರದಿ ತೆಗೆದಾಗ ಪುಟದಿಂದ ಪುಟಕ್ಕೆ 8, 8, 8 ಎಂದೇ ಇಳಿದುಬಂತು. ಗುಮಾಸ್ತರು ಮೋಸಗಾರರೇನಲ್ಲ. ಎದುರಿಗೆ ರೈತರು ಕಾಯುತ್ತಿದ್ದಾರೆ, ಬಿಲ್ ಮುಂದಕ್ಕೆ ಹೋಗಬೇಕು, ಉತ್ತರ ಅವರ ಬಳಿ ಇಲ್ಲ. ನಾನು ಅವರಿಗೆ ಬೇರೆ ದಾರಿಯನ್ನೇ ಬಿಟ್ಟಿರಲಿಲ್ಲ. ಖಾಲಿ ಕಾಲಂ ಆಗಿದ್ದರೆ ಅಳೆದಿಲ್ಲವೆಂದಾದರೂ ತಿಳಿಯುತ್ತಿತ್ತು. ಅಷ್ಟೂ 8ಗಳಲ್ಲಿ ನಿಜವಾಗಿ ಅಳೆದು ಬರೆದದ್ದು ಯಾವುದೆಂದು ಬೇರ್ಪಡಿಸಲು ಇಂದಿಗೂ ದಾರಿಯಿಲ್ಲ.

ಆ ಮಾಹಿತಿ ಇಲ್ಲದೆ ವ್ಯವಹಾರವೇ ನಿಲ್ಲುತ್ತದೆ ಎಂಬಲ್ಲಿ ಮಾತ್ರ ಈಗ ಕಡ್ಡಾಯ ಮಾಡುತ್ತೇನೆ. ಉಳಿದ ಕಡೆ ಖಾಲಿ ಬಿಡಲು ಅವಕಾಶ ಕೊಟ್ಟು, ಖಾಲಿ ಉಳಿದ ಬಿಲ್ಲುಗಳ ಯಾದಿಯನ್ನು ಸಂಜೆ ಮುದ್ರಿಸಿಕೊಡುವ ವ್ಯವಸ್ಥೆ ಮಾಡುತ್ತೇನೆ. ಅಂಗಳ ಖಾಲಿಯಾದ ಮೇಲೆ ಗುಮಾಸ್ತರು ಚೀಟಿ ನೋಡಿ ತುಂಬುತ್ತಾರೆ.

ಕಾಲಂನಲ್ಲಿ ಬರೆಯಲು ಬಿಡಬೇಕೇ, ಪಟ್ಟಿಯಿಂದ ಆರಿಸಲು ಹೇಳಬೇಕೇ?

ಆ ಕಾಲಂ ಹಿಡಿದು ಮುಂದೆ ಒಟ್ಟು ಲೆಕ್ಕ ತೆಗೆಯುವುದಿದ್ದರೆ ಪಟ್ಟಿಯೇ ಇರಬೇಕು. ಶಿರಸಿ, ಶಿರ್ಸಿ, ಸಿರ್ಸಿ, ಸಿರಸಿ ಎಂಬ ನಾಲ್ಕು ಬರಹಗಳು ನಮಗೆ ಒಂದೇ ಊರು, ಕಂಪ್ಯೂಟರಿಗೆ ನಾಲ್ಕು ಊರು. ಮೀನಿನ ಹೆಸರಿನಲ್ಲಿ ಈ ತೊಡಕು ಇನ್ನೂ ಹೆಚ್ಚು: ಕಾರವಾರದವರ ತಾರ್ಲೆ ಮಂಗಳೂರಿನವರಿಗೆ ಬೂತಾಯಿ, ಇಲ್ಲಿಯ ಇಸ್ವಣ ಅಲ್ಲಿ ಅಂಜಲ್. ಇದಕ್ಕಾಗಿ "ಮಂಗಳೂರಿನ ಹೆಸರು" ಎಂಬ ಕಾಲಂ ಸೇರಿಸುವ ಅಗತ್ಯವಿಲ್ಲ. ವಸ್ತುವಿಗೆ ಇನ್ನೊಂದು ಹೆಸರು ಕೊಡುವ ಸೌಲಭ್ಯದಲ್ಲಿ ಬರೆದರೆ ಯಾವ ಹೆಸರಿನಿಂದ ಹುಡುಕಿದರೂ ಅದೇ ಮೀನು ಸಿಗುತ್ತದೆ. ಪಟ್ಟಿ ಚಿಕ್ಕದಾಗಿರಲಿ. ಪರದೆಯಲ್ಲಿ ಒಮ್ಮೆಗೆ ಕಾಣದಷ್ಟು ಉದ್ದವಾದರೆ ಜನ ಮೊದಲನೆಯದನ್ನೇ ಒತ್ತಿ ಮುಂದೆ ಹೋಗುತ್ತಾರೆ.

ಹೌದು, ಇಲ್ಲ ಎಂಬ ಗುರುತಿನ ಕಾಲಂ ಸುಲಭವಾಗಿ ಕಂಡರೂ ಅದರಲ್ಲಿ ಒಂದು ತೊಡಕಿದೆ. ಗುರುತು ಹಾಕದೆ ಬಿಟ್ಟದ್ದು "ಇಲ್ಲ" ಎಂದೋ "ಕೇಳಲೇ ಇಲ್ಲ" ಎಂದೋ ತಿಳಿಯದು. ವ್ಯತ್ಯಾಸ ಮುಖ್ಯವಾದರೆ ಹೌದು, ಇಲ್ಲ, ಕೇಳಿಲ್ಲ ಎಂಬ ಮೂರು ಆಯ್ಕೆ ಕೊಡಿ.

ಬ್ಯಾಂಕ್ ಖಾತೆ ಸಂಖ್ಯೆ, ಮೊಬೈಲ್ ಸಂಖ್ಯೆ, ಸದಸ್ಯತ್ವ ಸಂಖ್ಯೆಗಳನ್ನು ಅಂಕಿಯ ಕಾಲಂನಲ್ಲಿ ಇಡಬೇಡಿ, ಬರಹದ ಕಾಲಂನಲ್ಲಿ ಇಡಿ. ಕೂಡಿಸಿ ಕಳೆಯಲು ಬಾರದ ಅಂಕಿ ಹೆಸರಿದ್ದಂತೆ. ಅಂಕಿಯ ಕಾಲಂ ಮೊದಲಿಗೆ ಬರುವ ಸೊನ್ನೆಗಳನ್ನು ನುಂಗುತ್ತದೆ. ಎಕ್ಸೆಲ್ ಅಂತೂ 15 ಅಂಕಿಗಳ ನಂತರದ ಅಂಕಿಗಳನ್ನು ಸೊನ್ನೆ ಮಾಡಿಬಿಡುತ್ತದೆ. 16 ಅಂಕಿಯ ಖಾತೆ ಸಂಖ್ಯೆ ಹಾಗೆ ಕೆಟ್ಟರೆ ಹಣ ಎಲ್ಲಿಗೆ ಹೋಗುವುದೋ ಯೋಚಿಸಿ.

ಕನ್ನಡದಲ್ಲಿ ತುಂಬಬಹುದೇ?

ಖಂಡಿತ ತುಂಬಬಹುದು, ಎಲ್ಲ ಕಂಪ್ಯೂಟರುಗಳೂ ಒಂದೇ ಬಗೆಯಲ್ಲಿ ಓದುವ ಯೂನಿಕೋಡ್ ಸಂಕೇತದಲ್ಲಿ ಇರಬೇಕು ಅಷ್ಟೇ. ಹಳೆಯ ನುಡಿ, ಬರಹ ಅಕ್ಷರಶೈಲಿಗಳಲ್ಲಿ ಟೈಪ್ ಮಾಡಿಟ್ಟ ಹೆಸರುಗಳು ಪರದೆಯಲ್ಲಿ ಕನ್ನಡದಂತೆ ಕಂಡರೂ ಒಳಗೆ ಬೇರೆ ಸಂಕೇತಗಳಾಗಿರುತ್ತವೆ, ಹುಡುಕಿದರೆ ಸಿಗುವುದಿಲ್ಲ. ಅವನ್ನು ಮೊದಲು ಪರಿವರ್ತಿಸಿಕೊಳ್ಳಿ. ಒಂದು ಕಾಲಂಗೆ ಒಂದೇ ಲಿಪಿ ಎಂದೂ ನಿಶ್ಚಯಿಸಿಕೊಳ್ಳಿ.

ಎಷ್ಟು ಕಾಲಂ ಸೇರಿಸಬಹುದು? ಮಿತಿ ಇದೆಯೇ?

ಇದೆ, ತಂತ್ರಾಂಶದಿಂದ ತಂತ್ರಾಂಶಕ್ಕೆ ಬೇರೆ. ಸೇಲ್ಸ್‌ಫೋರ್ಸ್‌ನ ಎಂಟರ್‌ಪ್ರೈಸ್ ಆವೃತ್ತಿಯಲ್ಲಿ ಒಂದು ಬಗೆಯ ದಾಖಲೆಗೆ 500, ಅನ್‌ಲಿಮಿಟೆಡ್ ಆವೃತ್ತಿಯಲ್ಲಿ 800. ಇಆರ್‌ಪಿನೆಕ್ಸ್ಟ್‌ನಲ್ಲಿ ಮಿತಿ ಕೆಳಗಿನ ದತ್ತಸಂಚಯದಿಂದ ಬರುತ್ತದೆ: ಸಾಮಾನ್ಯ ಬರಹದ ಕಾಲಂ 140 ಅಕ್ಷರದ್ದು, ಒಂದು ಅಕ್ಷರಕ್ಕೆ 4 ಬೈಟ್‌ವರೆಗೆ ಜಾಗ ಕಾದಿರಿಸಲಾಗುತ್ತದೆ, ಅದು ಬಳಸುವ ದತ್ತಸಂಚಯವಾದ ಮರಿಯಾಡಿಬಿಯಲ್ಲಿ ಒಂದು ಸಾಲು 65,535 ಬೈಟ್ ಮೀರುವಂತಿಲ್ಲ. ಲೆಕ್ಕ ಹಾಕಿದರೆ, ಮೊದಲೇ ಇರುವ ಕಾಲಂಗಳೂ ಸೇರಿ, ನೂರು ಚಿಲ್ಲರೆ ಬರಹದ ಕಾಲಂಗಳಿಗೆ ಬಾಗಿಲು ಮುಚ್ಚುತ್ತದೆ. ಕನ್ನಡದಲ್ಲಿ ಬರೆಯುವವರು ಇನ್ನೊಂದನ್ನು ಗಮನಿಸಬೇಕು: "ಸ್ತ್ರೀ" ನಮ್ಮ ಕಣ್ಣಿಗೆ ಒಂದು ಅಕ್ಷರ, ಯೂನಿಕೋಡ್ ಲೆಕ್ಕದಲ್ಲಿ ಆರು. ಆದ್ದರಿಂದ 140 ಎಂಬುದು ಕನ್ನಡಕ್ಕೆ ಕಾಣುವಷ್ಟು ದೊಡ್ಡದಲ್ಲ.

ಟ್ಯಾಲಿಯಲ್ಲಿ ಎಚ್ಚರ ಬೇಕಾದದ್ದು ಬೇರೆಡೆ. ಅಲ್ಲಿ ಹೊಸ ಕಾಲಂಗಳು ಟಿಡಿಎಲ್ ಎಂಬ ಸಣ್ಣ ಕಡತದ ಮೂಲಕ ಬರುತ್ತವೆ, ಆ ಕಡತ ಜೋಡಿಸಿರುವವರೆಗೆ ಮಾತ್ರ ಕಾಣುತ್ತವೆ. ಕಂಪ್ಯೂಟರ್ ಬದಲಿಸಿದಾಗ ಕಡತ ಹಿಂದೆಯೇ ಉಳಿದರೆ ತುಂಬಿದ ಮಾಹಿತಿ ಒಳಗಿದ್ದೂ ಕಣ್ಣಿಗೆ ಬೀಳದು. ಕಡತವನ್ನು ಮಾಡಿಕೊಟ್ಟವರಿಂದ ಪಡೆದು ನಿಮ್ಮ ಬಳಿಯೇ ಒಂದು ಪ್ರತಿ ಇಟ್ಟುಕೊಳ್ಳಿ.

ತಾತ್ಕಾಲಿಕ ಅಗತ್ಯಕ್ಕೆ ಕಾಲಂ ಸೇರಿಸಬಹುದೇ?

ಬೇಡ. ಮಳೆಗಾಲದಲ್ಲಿ ದೇವಿಮನೆ ಘಟ್ಟದ ದಾರಿ ಕೆಟ್ಟಾಗ ಲಾರಿಗಳು ಬೇರೆ ಘಟ್ಟ ಹತ್ತಿ ಬರುತ್ತವೆ, ಬಾಡಿಗೆ ಏರುತ್ತದೆ. ಅದಕ್ಕೆಂದು "ಘಟ್ಟದ ದಾರಿ" ಎಂಬ ಕಾಲಂ ಬೇಕೆಂದು ಕುಮಟಾದಲ್ಲಿ ಕೇಳಿದ್ದರು. ದಾರಿ ಸರಿಹೋದ ಮೇಲೂ ಕಾಲಂ ಉಳಿಯುತ್ತದೆ. ಷರಾದಲ್ಲಿ ಒಂದು ನಿಶ್ಚಿತ ಪದ ಬರೆದು ಹುಡುಕಿಕೊಂಡರೆ ಆ ಮೂರು ತಿಂಗಳ ಲೆಕ್ಕ ಸಿಗುತ್ತದೆ.

ರೈತರ ಆಧಾರ್ ಸಂಖ್ಯೆಗೆ ಕಾಲಂ ಇಟ್ಟುಕೊಳ್ಳಬಹುದೇ?

ಕಾನೂನು ನಿಮ್ಮಿಂದ ಅದನ್ನು ಕೇಳದಿದ್ದರೆ ಇಟ್ಟುಕೊಳ್ಳಬೇಡಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಒಂದು ನಿರ್ದಿಷ್ಟ ಉದ್ದೇಶಕ್ಕೆ ಬೇಕಾದಷ್ಟೇ ಮಾಹಿತಿ ಪಡೆಯಬೇಕೆಂಬ ತತ್ವದ ಮೇಲೆ ನಿಂತಿದೆ. ಕಾನೂನಿನ ಮಾತು ಹಾಗಿರಲಿ, ನಿಮ್ಮನ್ನು ನಂಬಿ ಮಾಲು ತಂದವರ ಹನ್ನೆರಡು ಅಂಕಿ ಅಂಗಡಿಯ ಎಲ್ಲರ ಪರದೆಯಲ್ಲಿ ಕಾಣುವುದು ನನಗೆ ಸರಿ ಕಾಣುವುದಿಲ್ಲ. ಆರೋಗ್ಯ, ಜಾತಿ, ಮನೆಯ ಸಾಲದ ವಿಷಯಗಳಿಗೂ ಇದೇ ಉತ್ತರ.

ಬದಲಾವಣೆಯನ್ನು ವರ್ಷದ ಯಾವ ಕಾಲದಲ್ಲಿ ಮಾಡಬೇಕು?

ವ್ಯಾಪಾರ ತಣ್ಣಗಿರುವಾಗ. ಯಾಂತ್ರಿಕ ಬೋಟುಗಳ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಿಷೇಧ ಇರುವುದರಿಂದ ಕರಾವಳಿಯ ಮೀನು ವ್ಯಾಪಾರಕ್ಕೆ ಅದೇ ಸರಿಯಾದ ಅವಧಿ. ಆಗಸ್ಟಿನಲ್ಲಿ ಬೋಟು ಇಳಿಯುವ ಹೊತ್ತಿಗೆ ಗುಮಾಸ್ತರ ಕೈ ಪಳಗಿರುತ್ತದೆ. ಅಡಿಕೆಯವರು ಹೊಸ ಕೊಯ್ಲಿನ ಮಾಲು ಬರುವುದಕ್ಕೆ ಮೊದಲೇ, ಆಗಸ್ಟ್ ಅಥವಾ ಸೆಪ್ಟೆಂಬರಿನಲ್ಲಿ ಮಾಡಿಕೊಳ್ಳಲಿ. ಹಂಗಾಮಿನ ನಡುವೆ ಸೇರಿಸಿದ ಕಾಲಂನಲ್ಲಿ ಅರ್ಧ ವರ್ಷ ಖಾಲಿ, ಅರ್ಧ ವರ್ಷ ಭರ್ತಿ. ಹಿಂದಿನ ವರ್ಷದೊಂದಿಗೆ ಹೋಲಿಸಲು ಅದು ಬರುವುದಿಲ್ಲ.

ಬೇಡವಾದ ಕಾಲಂ ಅಳಿಸಬಹುದೇ?

ಮೊದಲು ಪರದೆಯಿಂದ ಮರೆಮಾಡಿ, ತಕ್ಷಣ ಅಳಿಸಬೇಡಿ. ಒಂದು ಹಂಗಾಮು ಯಾರೂ ಕೇಳದಿದ್ದರೆ ಅದರಲ್ಲಿನ ಮಾಹಿತಿಯನ್ನು ಬೇರೆ ಕಡತಕ್ಕೆ ಇಳಿಸಿಕೊಂಡು ಆಮೇಲೆ ಅಳಿಸಿ. ಸೇಲ್ಸ್‌ಫೋರ್ಸ್ ಅಳಿಸಿದ ಕಾಲಂ ಅನ್ನು 15 ದಿನ ಕಾದಿಡುತ್ತದೆ; ಎಲ್ಲ ತಂತ್ರಾಂಶಗಳೂ ಅಷ್ಟು ದಯೆ ತೋರುವುದಿಲ್ಲ. ಬಿಲ್ಲಿಗೆ ಸಂಬಂಧಿಸಿದ ಕಾಲಂ ಆಗಿದ್ದರೆ ಜಿಎಸ್‌ಟಿ ಕಾನೂನಿನ ಪ್ರಕಾರ ಲೆಕ್ಕಪತ್ರಗಳನ್ನು ವಾರ್ಷಿಕ ವಿವರಪಟ್ಟಿಯ ಕೊನೆಯ ದಿನಾಂಕದಿಂದ 72 ತಿಂಗಳು ಉಳಿಸಿಕೊಳ್ಳಬೇಕೆಂಬುದು ನೆನಪಿರಲಿ.

ಹಳೆಯ ಕಾಲಂಗೆ ಹೊಸ ಅರ್ಥ ಕೊಡುವುದಂತೂ ಎಂದಿಗೂ ಬೇಡ. "ಚೀಲದ ಗುರುತು" ಎಂಬ ಕಾಲಂ ಖಾಲಿಯಿದೆಯೆಂದು ಅದರಲ್ಲಿ ಲಾರಿ ಬಾಡಿಗೆ ಬರೆಯತೊಡಗಿದರೆ ಮುಂದೆ ಬರುವ ಗುಮಾಸ್ತರಿಗೆ ಎರಡೂ ಅರ್ಥವಾಗುವುದಿಲ್ಲ.

ಕಾಲಂ ಸೇರಿಸುವ ಅಧಿಕಾರ ಯಾರಿಗಿರಬೇಕು?

ಒಬ್ಬರಿಗೆ, ಮತ್ತು ಅವರು ದಿನಾಲೂ ಬಿಲ್ ಬರೆಯುವವರ ಮಾತು ಕೇಳುವವರಾಗಿರಬೇಕು. ನಾನು ಹೋದ ಕಡೆಯಲ್ಲೆಲ್ಲ ನೂರು ಪುಟದ ಒಂದು ನೋಟ್‌ಬುಕ್ ಇಡಿಸುತ್ತೇನೆ. ಒಂದು ಕಾಲಂಗೆ ಒಂದು ಪುಟ: ಕೇಳಿದವರು ಯಾರು, ಯಾವ ದಿನ, ತುಂಬುವವರು ಯಾರು, ಯಾವ ಚೀಟಿ ನೋಡಿ ತುಂಬುತ್ತಾರೆ, ಯಾವ ವರದಿಯಲ್ಲಿ ಬರುತ್ತದೆ, ಮತ್ತೆ ಪರಿಶೀಲಿಸುವ ತಿಂಗಳು ಯಾವುದು. ಸಿದ್ದಾಪುರದ ಒಂದು ಅಂಗಡಿಯಲ್ಲಿ ಆ ಪುಸ್ತಕ ಗಲ್ಲಾ ಪೆಟ್ಟಿಗೆಯ ಪಕ್ಕದ ಮೊಳೆಗೆ ತೂಗುಹಾಕಿದೆ. ಕಳೆದ ಸಲ ಹೋದಾಗ ತೆರೆದು ನೋಡಿದೆ: ಹನ್ನೊಂದು ಪುಟ ತುಂಬಿತ್ತು, ಅದರಲ್ಲಿ ಆರು ಪುಟಗಳ ಮೇಲೆ ಗುಮಾಸ್ತರು ತಮ್ಮದೇ ಕೈಬರಹದಲ್ಲಿ "ಷರಾದಲ್ಲಿ ಸಾಕು" ಎಂದು ಬರೆದು ಸಹಿ ಹಾಕಿದ್ದರು, ಕೆಳಗೆ ಮಾಲೀಕರ ಸಹಿಯೂ ಇತ್ತು.